ನಾಲ್ಕು ಕೋಲಿನ ಚಪ್ಪರ ಮತ್ತು ಇಬ್ಬರು ಬೀಗಿತ್ತಿಯರು

ಬೊಂಬಾಯಿ ದಾಟಿದ ಮೇಲೆ

ಲಂಡನ್ನಿಗೆ ಹೋಗಿ ಬಂದವರೆಲ್ಲ ಅರಮನೆ ಕಾವಲಿನವರ ಟೋಪಿಯಿಂದ ಕಥೆ ಶುರು ಮಾಡುತ್ತಾರೆ. ನಾನು ಆ ಟೋಪಿ ನೋಡಲಿಲ್ಲ. ನಾನು ನೋಡಿದ್ದು ಆಸ್ಪತ್ರೆಯ ಹಿಂದಿನ ಒಂದು ಬೀದಿ, ಒಂದು ನಾಟಕದ ಹಾಲು, ಒಂದು ಮದುವೆ. ಅಷ್ಟಕ್ಕೇ ಎದೆ ಸೆಟೆಸಿಕೊಂಡು ಊರಿಗೆ ಬಂದೆ. ಯಾಕೆಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಮಧುಗಿರಿಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನ ಕನ್ನಡ ಟೀಚರು. ತಂಗಿ ಗಿರಿಜ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳು ಲಂಗ ಹಾಕುವ ವಯಸ್ಸಿನಲ್ಲೇ ಅಪ್ಪ ಅಮ್ಮ ಹೋದರು. ಸಾಕಿದ್ದು ನಾನು ಮತ್ತು ನನ್ನ ಗಂಡ. ಆಮೇಲೆ ಅವರೂ ಹೋದರು. ಈಗ ಗಿರಿಜ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಸದಾಶಿವನನ್ನು ಮೆಚ್ಚಿಕೊಂಡಿದ್ದಳು. ಹುಡುಗ ಪಾವಗಡದ ಆಚೆ ವೈ.ಎನ್.ಹೊಸಕೋಟೆಯವನು. ಮಧುಗಿರಿಯಲ್ಲಿ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಸಿಗುವ ಹುಡುಗನನ್ನು ಹುಡುಕಲು ಇವಳು ಸಮುದ್ರ ದಾಟಿದ್ದಳು! ಇಬ್ಬರಿಗೂ ರಜೆ ಇಲ್ಲದ್ದರಿಂದ ಮದುವೆ ಅಲ್ಲೇ ಎಂದಾಯಿತು. ನನಗೊಂದು, ಹುಡುಗನ ತಾಯಿ ಈರಮ್ಮನಿಗೊಂದು ಟಿಕೆಟ್ಟು ಬಂತು.

ಈರಮ್ಮನೂ ನನ್ನ ಹಾಗೆ ಗಂಡ ಇಲ್ಲದವಳು. ಅವನು ಹೋದ ಮೇಲೆ ಕಡಲೆಕಾಯಿ ವ್ಯಾಪಾರವನ್ನು ತಾನೇ ನಡೆಸಿ ಮಕ್ಕಳನ್ನು ದಡ ಮುಟ್ಟಿಸಿದ ಗಟ್ಟಿಗಿತ್ತಿ. ಮಾತಾಡಿದರೆ ಮಂಡಿಯ ಆ ಕಡೆಗೂ ಕೇಳಬೇಕು, ಅಂಥ ಗಂಟಲು. ವಿಮಾನದಲ್ಲಿ ಬಂದ ಸಪ್ಪೆ ಊಟದ ಜೊತೆ ಕೊಟ್ಟ ಉಪ್ಪಿನ ಪುಟ್ಟ ಪೊಟ್ಟಣಗಳನ್ನೆಲ್ಲ ಸೊಂಟದ ಚೀಲಕ್ಕೆ ಸೇರಿಸುತ್ತಾ ಕೇಳಿದಳು:

"ಹೆಣ್ಣಿನ ಕಡೆಯಿಂದ ಧಾರೆ ಯಾರಮ್ಮ ಎರಿಯೋದು?"

"ಯಾರಿದ್ದಾರೆ? ನಾನೇ ಅಂತ..."

"ನೀನಾ? ಬುಡ್ತು ಅನ್ನು! ನೀನೂ ನಾನೂ ಒಂದೇ ಕಣಮ್ಮ. ಕುಂಕುಮ ಕಳ್ಕೊಂಡೋರು ಚಪ್ಪರದಾಗೆ ಮುಂದೆ ನಿಂತ್ರೆ ಮಕ್ಳಿಗೆ ಏಳಿಗೆ ಆಗ್ತೈತಾ? ಬರ್ಮಿಂಗಾಮ್ನಾಗೆ ನಮ್ಮೋರೇ ಒಂದು ಜೋಡಿ ಅವ್ರಂತೆ, ದಾವಣಗೆರೆ ಕಡೆಯೋರು. ಅವ್ರು ಎರೀತಾರೆ. ನಾವಿಬ್ರೂ ಒಳಗೆ ಪಾಯಸ ನೋಡ್ಕಳಣ."

ನನಗೆ ಉರಿದುಹೋಯಿತು. ಗಿರಿಜಳಿಗೆ ಸಿಡುಬು ಬಂದಾಗ ಬೇವಿನ ಸೊಪ್ಪಿನಲ್ಲಿ ಗಾಳಿ ಹಾಕುತ್ತಾ ಕೂತದ್ದು ದಾವಣಗೆರೆಯವರಾ? ಆದರೆ ಒಳಗೊಳಗೆ ನನಗೂ ಅದೇ ಹೆದರಿಕೆ. ಮೊದಲು ನಮ್ಮ ಬೀದಿಯ ಯಾವ ಮದುವೆಯಲ್ಲೂ ನನ್ನನ್ನು ಬಿಟ್ಟು ಸೋಬಾನೆ ಎತ್ತಿದ್ದೇ ಇರಲಿಲ್ಲ. ಗಂಡ ಹೋದ ಮೇಲೆ ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಅದೇ ಸರಿ ಎಂದು ಒಪ್ಪಿಕೊಂಡಿದ್ದೆ.

ಲಂಡನ್, ತಪಾಸಣೆಯ ಮೇಜು

ನಮ್ಮ ಜೊತೆ ಒಂದು ಸಣ್ಣ ತಗಡಿನ ಪೆಟ್ಟಿಗೆ ಬಂದಿತ್ತು. ಒಳಗೆ ತಾಳಿ, ಬಾಸಿಂಗ, ಹಸಿರು ಬಳೆ. ಹೊಸಕೋಟೆಯಲ್ಲಿ ಈರಮ್ಮನ ದೊಡ್ಡ ಸೊಸೆ ತುಂಬಿ ಬೀಗ ಹಾಕಿ ಕೊಟ್ಟದ್ದು. ಲಂಡನ್ನಿನ ತಪಾಸಣೆಯವನು ಅದರ ಮೇಲೆ ಬೆರಳಿಟ್ಟು, ತೆಗೆಯಿರಿ ಎಂದ.

ಈರಮ್ಮ ಬೀಗದ ಕೈ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. "ಒಳಗಿಂದು ನಾನು ಮುಟ್ಟಾಕಿಲ್ಲ, ಅವ್ನೇ ತೆಗ್ಕಳ್ಳಿ."

ಅವನು ನನ್ನ ಮುಖ ನೋಡಿದ. ನಾನೂ ಕೈ ಹಿಂದಕ್ಕೆ ಕಟ್ಟಿಕೊಂಡೆ. ತಮ್ಮ ಪೆಟ್ಟಿಗೆಯನ್ನು ತಾವೇ ತೆರೆಯಲು ಹೆದರುವ ಇಬ್ಬರು ಹೆಂಗಸರನ್ನು ಕಂಡರೆ ಯಾವ ಅಧಿಕಾರಿಗೆ ತಾನೇ ಅನುಮಾನ ಬರದು? ಅವನೂ ಒಂದು ಹೆಜ್ಜೆ ಹಿಂದೆ ಸರಿದು ಇನ್ನಿಬ್ಬರನ್ನು ಕರೆದ. ಒಬ್ಬ ಪೆಟ್ಟಿಗೆಗೆ ಕಿವಿಗೊಟ್ಟ. ಇದು ಮಂಗಳದ ವಸ್ತು, ನಾವು ವಿಧವೆಯರು ಮುಟ್ಟಬಾರದು ಎಂದು ನನ್ನ ಪಾಠದ ಇಂಗ್ಲಿಷಿನಲ್ಲಿ ವಿವರಿಸಿದಷ್ಟೂ ಅವರ ಮುಖ ಬಿಗಿಯಾಯಿತು. ಕೊನೆಗೆ ಈರಮ್ಮ ಸಾಲಿನಲ್ಲಿ ನಿಂತಿದ್ದ ಒಬ್ಬ ಗುಜರಾತಿ ಮುತ್ತೈದೆಯನ್ನು ಕೈ ಹಿಡಿದು ಎಳೆತಂದಳು. ಆಕೆ ಒಂದು ಮಾತೂ ಕೇಳದೆ ಬೀಗ ತೆಗೆದು, ಬಾಸಿಂಗವನ್ನು ಕಣ್ಣಿಗೊತ್ತಿಕೊಂಡು, ಮತ್ತೆ ಮುಚ್ಚಿ ಕೊಟ್ಟಳು. ಇಂಥ ತಾಪತ್ರಯ ನಮ್ಮ ದೇಶದ ಹೆಂಗಸರಿಗೆ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಹೊರಗೆ ಬಂದ ಮೇಲೆ ನಗು ಬಂತು. ಸ್ವಲ್ಪ ಹೊತ್ತಿನಲ್ಲೇ ನಗು ನಿಂತು ನಾಚಿಕೆಯಾಯಿತು.

ಗಿರಿಜಳ ಮನೆ

ಗಿರಿಜಳಿಗೆ ವಿಮಾನದ ಮಾತು ಹೇಳಿದ್ದೇ ತಡ, ಸೌಟು ಕುಕ್ಕಿದಳು. "ಅಕ್ಕ, ಧಾರೆ ನೀನೇ ಎರೀಬೇಕು. ನಾನು ಒಂದೇ ಒಂದು ಸಲ ಕಂಡಿರೋ ದಾವಣಗೆರೆಯೋರು ಎರೆಯೋದಾದ್ರೆ ನನಗೆ ಧಾರೆಯೇ ಬೇಡ. ಆಫೀಸಿಗೆ ಹೋಗಿ ಸಹಿ ಹಾಕಿ ಬರ್ತೀವಿ."

"ನೋಡೋಣ ಕಣೆ," ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಒಂದು ಕಡೆ ಬೀಗಿತ್ತಿ, ಇನ್ನೊಂದು ಕಡೆ ತಂಗಿ. ನಾನು ಎರೆದರೆ ಈರಮ್ಮ ಮುನಿದು, ಮುಂದೆ ಏನು ಹೆಚ್ಚುಕಡಿಮೆಯಾದರೂ ನನ್ನ ಕಾಲ್ಗುಣ ಎನ್ನುತ್ತಾಳೆ. ಎರೆಯದಿದ್ದರೆ ಗಿರಿಜ ತಾಯಿಯಿಲ್ಲದವಳ ಹಾಗೆ ಮದುವೆಯಾಗುತ್ತಾಳೆ. ಮದುವೆಗೆ ಇನ್ನು ಹತ್ತೇ ದಿನವಿತ್ತು.

ಆ ಬೀದಿಯ ಇಂಗ್ಲಿಷರು ಒಳ್ಳೆಯವರೇ, ಆದರೆ ಹವಾಮಾನ ಬಿಟ್ಟು ಇನ್ನೇನೂ ಮಾತಾಡುವುದಿಲ್ಲ. ಬಿಸಿಲಿದೆ ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಬಿಸಿಲಿನ ಸುದ್ದಿಯನ್ನು ಮಧುಗಿರಿಯವಳಿಗೆ ಹೇಳಬೇಕೇ? ಕೆಳಗಿನ ಮನೆಯ ಎಸ್ತರ್ ಮಾತ್ರ ಬೇರೆ ಜಾತಿ. ವಯಸ್ಸಾದ ಯಹೂದಿ ಹೆಂಗಸು, ನಮ್ಮ ಹಾಗೆಯೇ ಗಂಡ ಇಲ್ಲದವಳು, ಬಟ್ಟೆ ಹೊಲಿಯುವವಳು. ಸಿರಾ ಸಂತೆಯಲ್ಲಿ ಪಕ್ಕ ಕೂತವಳ ಹಾಗೆ ಮೊದಲ ದಿನವೇ ಸಂಬಳ ಎಷ್ಟು, ಮಕ್ಕಳೆಷ್ಟು, ಗಂಡ ಹೇಗೆ ಹೋದ ಎಂದೆಲ್ಲ ಕೇಳಿದಳು. ನನಗೆ ಜೀವ ಬಂದ ಹಾಗಾಯಿತು.

ಅವರ ಸಮಾಜದವರು ಒಂದು ಹಾಡಿನ ನಾಟಕ ಆಡುವವರಿದ್ದರು. ಅದರ ಮದುವಣಗಿತ್ತಿಯ ಮುಸುಕಿಗೆ ಅಂಚು ಹೊಲಿಯಬೇಕಿತ್ತು. ಗಿರಿಜ ಡ್ಯೂಟಿಗೆ ಹೋದರೆ ಅದೇ ಮನೆಯಲ್ಲಿದ್ದ ಈರಮ್ಮನಿಗೂ ನನಗೂ ನೊಣ ಹೊಡೆಯುವುದೇ ಕೆಲಸ. ಸೂಜಿ ಹಿಡಿದು ಕೂತೆವು. ಹೊಲಿಯುತ್ತಾ ಗಿರಿಜಳಿಗೆ ಸಿಡುಬು ಬಂದ ದಿನಗಳ ಕಥೆಯನ್ನೂ ಈರಮ್ಮನಿಗೆ ಹೇಳಿದೆ. ಮುಗಿದ ಮುಸುಕನ್ನು ತೆಗೆದುಕೊಂಡು ಎಸ್ತರ್ ನಮ್ಮನ್ನೂ ತಾಲೀಮಿಗೆ ಕರೆದೊಯ್ದಳು.

ನಾಟಕದ ಹಾಲು

ಅದು ನಮ್ಮ ಕಂಪನಿ ನಾಟಕದ ಹಾಗೆಯೇ: ಮಾತಿಗಿಂತ ಹಾಡು ಜಾಸ್ತಿ, ಸಾಯುವವನೂ ಹಾಡಿಯೇ ಸಾಯುತ್ತಾನೆ. ಆದರೆ ‘ಒನ್ಸ್ ಮೋರ್’ ಕೂಗುವಂತಿಲ್ಲ. ಕಥೆ ಇಷ್ಟೇ. ಹಳೆಯ ಕಾಲದ ಒಂದು ಬಂದರು ಊರು. ಮಗಳೂ ಅಳಿಯನಾಗುವವನೂ ಬೆಳಿಗ್ಗೆ ಹಡಗು ಹತ್ತಿ ದೇಶ ಬಿಡಬೇಕು. ವಿಧವೆ ತಾಯಿ ಹಿಂದಿನ ದಿನವೇ ಮದುವೆ ಮಾಡಿ ಕಳಿಸುತ್ತಾಳೆ. ಅದರಲ್ಲೊಂದು ಉದ್ದನೆಯ ಮದುವೆ ಹಾಡು.

ನಾನು ಶಾಲೆಯ ನಾಟಕಗಳಿಗೆ ಹಾಡು ಕಟ್ಟಿದವಳು. ಹಾಡೆಂದರೆ ಮೂಗು ತೂರಿಸಿಯೇ ಸಿದ್ಧ. ಕೇಳಿದೆ. ನಾಲ್ಕು ಕೋಲು, ಮೇಲೊಂದು ಬಟ್ಟೆ, ಏಳು ಸುತ್ತು, ಒಂದು ಮುಸುಕು, ಒಂದು ಲೋಟ. ಇದೇನು ಹಾಡೋ, ಶಾಮಿಯಾನದವನು ಸಾಮಾನು ಎಣಿಸುತ್ತಿದ್ದಾನೋ ಎನ್ನಿಸಿತು.

ಅಷ್ಟರಲ್ಲಿ ವೇದಿಕೆಯ ಮೇಲೆ ಮದುಮಗ ಬಟ್ಟೆಯಲ್ಲಿ ಸುತ್ತಿದ್ದ ಗಾಜಿನ ಲೋಟವನ್ನು ನೆಲಕ್ಕಿಟ್ಟು ಬೂಟುಗಾಲಿನಲ್ಲಿ ಪಟಾರನೆ ತುಳಿದ.

"ಅಯ್ಯೋ ದೇವುಡಾ! ಒಡೆದ್ಬುಟ್ನಲ್ಲಮ್ಮ!" ಪಕ್ಕದಲ್ಲಿದ್ದ ಈರಮ್ಮ ಇಲ್ಲ! ನೋಡಿದರೆ ವೇದಿಕೆಯ ಮೇಲಿದ್ದಾಳೆ, ಆ ಉದ್ದನೆಯ ಹುಡುಗನ ಕಾಲು ಗಟ್ಟಿಯಾಗಿ ಹಿಡಿದಿದ್ದಾಳೆ. "ಲೇ, ಬುಡ್ತು ಅನ್ಲಾ! ತಾಳಿ ಕಟ್ಟೋ ಹೊತ್ನಾಗೆ ಗಾಜು ಒಡೀತಾರೇನ್ಲಾ? ಬುಡ್ತು ಅನ್ನು!"

ಪಿಯಾನೋ ನಿಂತಿತು. ಹುಡುಗ ಒಂಟಿ ಕಾಲಿನಲ್ಲಿ ತೂರಾಡಿದ. ಈರಮ್ಮ ಅವನನ್ನು ಬಿಟ್ಟು ಮದುಮಗಳ ಕಡೆ ತಿರುಗಿ, ಸೊಂಟದ ಚೀಲದಿಂದ ವಿಮಾನದ ಉಪ್ಪಿನ ಪೊಟ್ಟಣ ತೆಗೆದು ಹರಿದು, ಅವಳ ಮುಖಕ್ಕೆ ಮೂರು ಸಲ ನಿವಾಳಿಸಿ, ಬಾಗಿಲಾಚೆ ಎಸೆದು ಬಂದಳು. ನಾನು ಭೂಮಿ ಬಾಯಿ ಬಿಡಲಿ ಎಂದುಕೊಂಡೆ. ನಾಟಕ ಆಡಿಸುವ ಬೋಳುತಲೆಯ ಯಜಮಾನರು ಮಾತ್ರ ಎದ್ದು ಚಪ್ಪಾಳೆ ತಟ್ಟಿಬಿಟ್ಟರು. ಹಿಂದೂದೇಶದ ಆಶೀರ್ವಾದ ಎಂದು ತಿಳಿದರಂತೆ. ಉಳಿದ ಹುಡುಗಿಯರೂ ಉಪ್ಪಿಗಾಗಿ ಸಾಲು ನಿಂತರು.

ಚಹಾ ಕುಡಿಯುವಾಗ ಎಸ್ತರ್ ಒಂದೊಂದೇ ಸಾಲು ಬಿಡಿಸಿ ಹೇಳಿದಳು. ನಾನು ಕನ್ನಡ ಮಾಡಿ ಈರಮ್ಮನಿಗೆ ಹೇಳುತ್ತಾ ಹೋದೆ.

ಅವರ ಚಪ್ಪರಕ್ಕೆ ನಾಲ್ಕು ಕೋಲು, ಮೇಲೊಂದು ಬಟ್ಟೆ, ಅಷ್ಟೆ. ಗೋಡೆ ಇರಕೂಡದು. ಅವರ ಮೂಲಪುರುಷನ ಗುಡಾರ ನಾಲ್ಕೂ ಕಡೆ ತೆರೆದಿತ್ತಂತೆ, ಯಾವ ದಿಕ್ಕಿನಿಂದ ಬಂದವನೂ ಬಾಗಿಲು ಹುಡುಕಬಾರದೆಂದು. ಹೊಸ ಸಂಸಾರವೂ ಹಾಗಿರಲಿ ಎಂದು ಹಾಡು ಹೇಳುತ್ತದೆ. ಮದುವಣಗಿತ್ತಿ ಗಂಡಿನ ಸುತ್ತ ಏಳು ಸುತ್ತು ಬರುತ್ತಾಳೆ. ಲೋಕ ಹುಟ್ಟಿದ್ದು ಏಳು ದಿನದಲ್ಲಿ, ಇವಳೂ ಒಂದು ಲೋಕ ಕಟ್ಟುತ್ತಾಳೆ ಎಂದು ಕೆಲವರು ಹೇಳುತ್ತಾರೆ. ಹಾಡು ಕಟ್ಟಿದವನು ಇದಕ್ಕೆ ತನ್ನದನ್ನೂ ಸೇರಿಸಿದ್ದ: ಗೋಡೆಯಿಲ್ಲದ ಮನೆಗೆ ಅವಳ ಹೆಜ್ಜೆಯೇ ಗೋಡೆ. ಶಾಮಿಯಾನದವನ ಲೆಕ್ಕ ಎಂದುಕೊಂಡವಳಿಗೆ ಮೈ ಜುಮ್ಮೆಂದಿತು.

"ಏಳೂ ಸುತ್ತು ಇವ್ಳೇ ಸುತ್ಬೇಕಾ? ಅವ್ನಿಗೇನು ಕಾಲ್ನೋವಾ?" ಎಂದಳು ಈರಮ್ಮ. ಎಸ್ತರ್ ಬಿದ್ದು ಬಿದ್ದು ನಕ್ಕಳು.

ಮುಸುಕಿನ ಕಥೆ ಇನ್ನೂ ಚೆನ್ನಾಗಿದೆ. ಅವರ ಹಿರಿಯನೊಬ್ಬನಿಗೆ ಮಾವ ಮೋಸ ಮಾಡಿ, ತಂಗಿಯ ಬದಲು ಮುಸುಕಿನಲ್ಲಿ ಅಕ್ಕನನ್ನು ಕೊಟ್ಟುಬಿಟ್ಟಿದ್ದನಂತೆ. ಅಂದಿನಿಂದ ಗಂಡು ಹೆಣ್ಣಿನ ಮುಖವನ್ನು ಕಣ್ಣಾರೆ ನೋಡಿ, ತಾನೇ ಮುಸುಕು ಎಳೆಯುತ್ತಾನೆ. ನಮ್ಮಲ್ಲಿ ಅಂತರಪಟ ಹಿಡಿದು ಮುಹೂರ್ತಕ್ಕೆ ಸರಿಸುತ್ತೇವೆ, ಮೊದಲು ಮರೆ, ಆಮೇಲೆ ಮುಖ. ಅವರಲ್ಲಿ ಮೊದಲು ಮುಖ, ಆಮೇಲೆ ಮರೆ. ನಾವು ದೇವರನ್ನು ನಂಬುತ್ತೇವೆ, ಅವರು ಮಾವನನ್ನು ನಂಬುವುದಿಲ್ಲ.

ಗಾಜಿನ ಸರದಿ ಬಂದಾಗ ಎಸ್ತರ್ ನಗುವುದನ್ನು ನಿಲ್ಲಿಸಿದಳು. ಅವರ ದೊಡ್ಡ ದೇವಾಲಯ ಎಷ್ಟೋ ಶತಮಾನಗಳ ಹಿಂದೆ ಹಾಳಾಯಿತು. ಸಂತೋಷ ಎಷ್ಟೇ ಉಕ್ಕಿದರೂ ಆ ಒಡೆದುಹೋದದ್ದನ್ನು ಮರೆಯಬಾರದೆಂದು ಮದುವೆಯಲ್ಲೇ ಗಾಜು ಒಡೆಯುತ್ತಾರೆ. ಒಡೆದ ತಕ್ಷಣ ಎಲ್ಲರೂ "ಮಝಲ್ ತೋವ್!" ಎಂದು ಕೂಗುತ್ತಾರೆ, ಶುಭವಾಗಲಿ ಎಂದು. ದುಃಖವನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕುವುದಿಲ್ಲ, ಒಳಗೆ ಕರೆದು ಒಂದು ಜಾಗ ಕೊಟ್ಟು ಆಮೇಲೆ ಕುಣಿಯುತ್ತೇವೆ ಎಂದಳು.

ಈರಮ್ಮ ಚಹಾದ ಲೋಟ ಪಕ್ಕಕ್ಕಿಟ್ಟಳು. ಆಮೇಲೆ, "ಕೇಳಮ್ಮ ಎಸ್ತರಮ್ಮನ್ನ. ಗಂಡ ಇಲ್ವಲ್ಲ, ಮಗ್ಳು ಮದ್ವೆನಾಗೆ ಈಯಮ್ಮ ಎಲ್ಲಿದ್ಲಂತೆ?"

ಕೇಳಿದೆ. ಮಗಳ ಕೈ ಹಿಡಿದು ಚಪ್ಪರದವರೆಗೆ ನಡೆಸಿಕೊಂಡು ಹೋದೆ, ಅಲ್ಲೇ ನಿಂತೆ ಎಂದಳು ಎಸ್ತರ್.

"ಯಾರೂ ಏನೂ ಅನ್ನಲಿಲ್ವಂತಾ?"

ಎಸ್ತರ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಏನು ಅನ್ನಬೇಕು? ನಾನು ಅವಳ ತಾಯಿ."

ಈರಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ಅವ್ರದ್ದು ಅವ್ರಿಗೆ, ನಮ್ಮದು ನಮಗೆ. ನಡಿಯಮ್ಮ."

ನಾಟಕದ ದಿನ

ಆ ಹಾಡು ನನ್ನನ್ನು ಬಿಡಲಿಲ್ಲ. ಅದರಲ್ಲಿ ತಾಯಿಯ ಪಾಲಿಗೆ ಬರುವ ಒಂದು ನುಡಿಯಿತ್ತು. ಮಗಳನ್ನು ತಾನೊಬ್ಬಳೇ ಚಪ್ಪರಕ್ಕೆ ಕರೆತರುವಾಗ ಹಾಡುವುದು. ಅಡುಗೆಮನೆಯಲ್ಲಿ ಈರಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಅದನ್ನು ಸೋಬಾನೆಯ ಮಟ್ಟಿಗೆ ಹಾಕಿ ಗುನುಗಿದೆ:

ಬಲಗಡೆಗೆ ಅವ್ವೈದಾಳೆ, ಎಡಗಡೆಗೆ ಅಪ್ಪಿಲ್ಲ
ಇಲ್ಲದೋರ ಜಾಗ ಬರಿದಲ್ಲ, ಎಳೆಮಗಳೆ
ಇಬ್ಬರ ಹೆಜ್ಜೆ ನನಗುಂಟು

ಈರಮ್ಮ ತಲೆ ಎತ್ತಲಿಲ್ಲ. "ಇನ್ನೊಂದು ಕಿತ ಅನ್ನು," ಎಂದಳು. ಅಂದೆ. ಬೆಳ್ಳುಳ್ಳಿಗೆ ಕಣ್ಣಲ್ಲಿ ನೀರು ಬರುವುದನ್ನು ನಾನು ಅದೇ ಮೊದಲು ನೋಡಿದ್ದು. ಆದರೆ ಧಾರೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾಟಕದ ದಿನ ಹಾಲು ಕಿಕ್ಕಿರಿದಿತ್ತು. ಇಂಗ್ಲಿಷಿನ ಒಂದಕ್ಷರ ತಿಳಿಯದ ಈರಮ್ಮ ಮದುವೆ ಹಾಡು ಶುರುವಾದದ್ದೇ ನನಗೇ ಅರ್ಥ ಹೇಳತೊಡಗಿದಳು. "ಇದು ಕೋಲಿನ ಸಾಲು... ಈಗ ಸುತ್ತಾಳೆ ನೋಡು." ತಾಯಿಯ ನುಡಿ ಬಂದಾಗ ಮುಂದಿನ ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ಬಾಗಿದಳು. ಆ ಪಾತ್ರದವಳು ಹಗಲು ಬಸ್ಸಿನಲ್ಲಿ ಟಿಕೆಟ್ಟು ಕೊಡುವವಳಂತೆ. ಮಗಳ ಕೈ ಹಿಡಿದು ನಡೆದಾಗ ಮಹಾರಾಣಿಯ ಹಾಗಿದ್ದಳು. ಹಾಲಿನಲ್ಲಿ ಅಳದಿದ್ದವರು ಯಾರೂ ಇರಲಿಲ್ಲ, ನಾನೂ ಅತ್ತೆ. ಕೊನೆಗೆ ಗಾಜು ಒಡೆಯಿತು. ಜನ ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದಿಂದ ಮಂಡಿಯ ಗಂಟಲು ಮೊಳಗಿತು:

"ಮಝಲ್ ತೋವ್!"

ಇಡೀ ಹಾಲು ತಿರುಗಿ ನೋಡಿ, ನಕ್ಕು, ಅದನ್ನೇ ಕೂಗಿತು.

ಮದುವೆ

ಮದುವೆಗೆ ಒಂದು ಚರ್ಚಿನ ಹಿಂದಿನ ಹಾಲನ್ನು ಗೊತ್ತುಮಾಡಿದ್ದರು. ಹಸಿರು ಚಪ್ಪರ ಹಾಕೋಣವೆಂದರೆ ಲಂಡನ್ನಿನಲ್ಲಿ ಹೊಂಗೆ ಸೊಪ್ಪೂ ಇಲ್ಲ, ತೆಂಗಿನ ಗರಿಯೂ ಇಲ್ಲ. ನಾಟಕದವರು ತಮ್ಮ ನಾಲ್ಕು ಕೋಲಿನ ಚಪ್ಪರವನ್ನೇ ತಂದರು. ಕೋಲಿಗೊಬ್ಬ ನಟ ನಿಂತ. ಮದುವೆ ಮಾಡಿಸಲು ಬಂದ ಅಯ್ಯನವರು ವಾರವೆಲ್ಲ ಲಂಡನ್ನಿನಲ್ಲಿ ಲೆಕ್ಕಪತ್ರ ನೋಡುವ ಕೆಲಸದವರು. ಪ್ಯಾಂಟಿನ ಮೇಲೇ ಪಂಚೆ ಸುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ದಂಪತಿಗಳು ಬಂದರು. ಸಾಧು ಜನ.

ನಾನೂ ಈರಮ್ಮನೂ ಒಳಗೆ ಪಾಯಸ ತಿರುವುತ್ತಿದ್ದೆವು. ಹೊರಗೆ ಚಪ್ಪರದಿಂದ ಕೂಗು ಬಂತು: "ಧಾರೆಗೆ ಹೆಣ್ಣಿನ ಕಡೆಯವರು ಬರಬೇಕು!"

ಬಾಗಿಲ ಸಂದಿಯಿಂದ ಕಂಡದ್ದು ಗಿರಿಜಳ ಮುಖ. ಬಾಸಿಂಗ ಕಟ್ಟಿಕೊಂಡು ಆ ಗೋಡೆಯಿಲ್ಲದ ಚಪ್ಪರದಲ್ಲಿ ನಿಂತು, ಎದುರಿಗಿದ್ದ ದಂಪತಿಗಳನ್ನಲ್ಲ, ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು. ನಾನು ಸೌಟು ಕೆಳಗಿಟ್ಟೆ. ಹೇಗೆ ನಡೆದೆನೋ ಗೊತ್ತಿಲ್ಲ. ಅಷ್ಟು ಜನರ ಮಧ್ಯೆ ಹೋಗಿ ನಿಂತಾಗ ನನ್ನ ದನಿ ತರಗತಿಯಲ್ಲಿ ಬರುವಂತೆಯೇ ಗಟ್ಟಿಯಾಗಿ ಬಂತು.

"ನೀವಿಬ್ಬರೂ ದೊಡ್ಡವರು, ಪಕ್ಕದಲ್ಲಿ ನಿಂತು ಹರಸಿ. ಧಾರೆ ನಾನು ಎರೆಯುತ್ತೇನೆ. ಇವಳನ್ನು ಸಾಕಿದವಳು ನಾನು."

ಅಯ್ಯನವರು ಕೆಮ್ಮಿದರು. "ಅಲ್ಲ ತಾಯಿ, ಪದ್ಧತಿ ಪ್ರಕಾರ ದಂಪತಿಗಳು... ಗಂಡಿನ ತಾಯಿಯವರು ಏನಂತಾರೋ..."

ಎಲ್ಲರೂ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ಈರಮ್ಮ ನಿಂತಿದ್ದಳು, ಕೈಯಲ್ಲಿ ಪಾಯಸದ ಸೌಟು. ಮೈಯೆಲ್ಲ ಕಿವಿಯಾಗಿ ಕಾದೆ. ಆಕೆ ಬೇಡ ಎಂದಿದ್ದರೆ ಆ ಮದುವೆ ಅಲ್ಲಿಗೆ ಮುಗಿಯುತ್ತಿತ್ತು.

"ನನ್ಯಾಕೆ ನೋಡ್ತೀರಾ?" ಎಂದಳು. "ಆ ಹುಡ್ಗಿಗೆ ಸಿಡುಬು ಎದ್ದಾಗ ಪಕ್ಕದಾಗೆ ಕೂತಿದ್ದು ಯಾರು? ಎತ್ತಿ ಆಡ್ಸಿದ್ದು ಯಾರು? ಎರೀಲಿ ಬುಡ್ರಿ! ಏಮ್ ಅಯ್ನೋರೇ, ಹಾಲು ತಣ್ಣಗಾಗ್ತೈತೆ, ಮಂತ್ರ ಹೇಳ್ರಿ!"

ನಾನು ಓಡಿಹೋಗಿ ಅವಳ ಮುಂಗೈ ಹಿಡಿದೆ. "ನೀವೂ ಬನ್ನಿ. ಮಗನ ಪಕ್ಕ ನಿಲ್ಲಿ."

ಈಗ ಹೆದರಿದವಳು ಅವಳು. ನನಗೆ ಅಪ್ಪಣೆ ಕೊಟ್ಟಷ್ಟು ಸುಲಭವಾಗಿ ತನಗೆ ಕೊಟ್ಟುಕೊಳ್ಳಲು ಆಗಲಿಲ್ಲ. "ಬ್ಯಾಡ ಕಣಮ್ಮ, ನನ್ನ ಮಗ ಚೆನ್ನಾಗಿರ್ಬೇಕು, ನಾನು ಇಲ್ಲೇ..." ಹಿಂದಕ್ಕೆ ಜಗ್ಗಿದಳು. ಸದಾಶಿವ ಬಾಸಿಂಗ ಅಲುಗಾಡಿಸಿಕೊಂಡೇ ಕೂಗಿದ: "ಅವ್ವಾ, ನೀನು ಬರೋವರೆಗೂ ನಾನು ಕೈ ನೀಡಲ್ಲ!" ಸೌಟನ್ನು ಎಸ್ತರ್ ಕಿತ್ತುಕೊಂಡಳು. ಈರಮ್ಮ ಬಂದಳು.

ಹಾಲಿನ ತಂಬಿಗೆ ನನ್ನ ಕೈಯಲ್ಲಿತ್ತು. ಇಬ್ಬರ ಕೈ ಮೇಲಿನ ತೆಂಗಿನಕಾಯಿಯ ಮೇಲೆ ಹಾಲು ಎರೆದೆ. ನನ್ನ ಗಂಡ ನನ್ನ ಎಡಕ್ಕೇ ನಿಂತಿದ್ದಾರೆಂದು ಅನ್ನಿಸಿತು, ಅದನ್ನು ಬರೆಯಲು ನನಗೆ ಸಂಕೋಚವಿಲ್ಲ. ಆಗ ಯಾರೋ ಹಾಡಲಿ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಈರಮ್ಮ ಸೋಬಾನೆ ಎತ್ತಿಬಿಟ್ಟಳು. ಪಾವಗಡದ ಸೀಮೆಯ ಮಟ್ಟು, ಅರ್ಧ ಕನ್ನಡ ಅರ್ಧ ತೆಲುಗು. ಆ ಗಂಟಲಿನಲ್ಲಿ ಅಂಥ ಹಾಡಿದೆಯೆಂದು ಹೆತ್ತ ಮಗನಿಗೂ ಗೊತ್ತಿರಲಿಲ್ಲ. ನಾನು ಸೊಲ್ಲು ಹಿಡಿದೆ. ಕೋಲು ಹಿಡಿದ ನಟರು ಎರಡನೆಯ ಸಲಕ್ಕೇ ಪಲ್ಲವಿ ಕಲಿತರು. ಎಸ್ತರ್ ಪಾಯಸದ ಸೌಟು ಹಿಡಿದೇ ಕುಣಿದಳು.

ಮಧುಗಿರಿ ಬಸ್ ಸ್ಟ್ಯಾಂಡ್

ಬೆಂಗಳೂರಿನಿಂದ ಬಂದು ಮಧುಗಿರಿಯಲ್ಲಿ ಇಳಿದೆವು. ಈರಮ್ಮ ಪಾವಗಡದ ಬಸ್ಸಿಗೆ ಕಾಯಬೇಕಿತ್ತು. ನಮ್ಮ ಬೀದಿಯ ಹಿರಿಯಜ್ಜಿಯೊಬ್ಬರು ಎದುರಾದರು. ಯಾವ ಮದುವೆಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರು ಅವರೇ. ಸೀರೆ ಎಂಥದು, ಊಟ ಏನು ಎಂದೆಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ ಕೇಳಿದರು: "ಅದೆಲ್ಲಾ ಸರಿ. ಧಾರೆ ಯಾರ ಕೈಲಿ ಎರೆಸಿದ್ರಿ?"

ನಾನು ಉತ್ತರ ಕೊಡುವ ಮೊದಲೇ ಈರಮ್ಮ ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಈಯಮ್ಮನೇ ಎರೆದಿದ್ದು! ನಾನು ಮಗನ ಪಕ್ಕದಾಗೆ ನಿಂತಿದ್ದೆ. ಬರೋ ವರ್ಷ ಹೊಸಕೋಟೆನಾಗೆ ನನ್ನ ಕಿರೇ ಮಗ್ಳು ಮದ್ವೆ ಐತೆ, ನೀವೂ ಬರ್ರಿ ಅಜ್ಜಿ. ಅಲ್ಲೂ ಮುಂದೆ ನಿಲ್ಲೋಳು ನಾನೇ. ಸೋಬಾನೆ ಹೇಳೋಳು ಈಯಮ್ಮ."

ಅಜ್ಜಿ ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಬಸ್ಸು ಬಂತು, ಈರಮ್ಮ ನೂಕುನುಗ್ಗಲಿನಲ್ಲಿ ನುಗ್ಗಿ ಕಿಟಕಿಯ ಸೀಟು ಹಿಡಿದಳು.

ಮರುವರ್ಷ ನಾನು ಹೊಸಕೋಟೆಗೆ ಹೋದೆ. ಈರಮ್ಮನ ಅಣ್ಣತಮ್ಮಂದಿರು ಮುಖ ತಿರುಗಿಸಿಕೊಂಡು ಚಪ್ಪರದ ಹೊರಗೆ ಕೂತಿದ್ದರು. ಅವಳು ಹಾಲಿನ ತಂಬಿಗೆ ಹಿಡಿದು ಮಗಳ ಪಕ್ಕ ನಿಂತಿದ್ದಳು. ನಾನು ಹಾಡಿದೆ.